ನಾನು ಕಲಿಸದ ಹುಡುಗಿ

ಡೊಂಬಿವಲಿ (ಪೂರ್ವ)
೨೪ ನವೆಂಬರ್ ೨೦೧೩, ಭಾನುವಾರ

ಪ್ರೀತಿಯ ಗಂಗಾ,

ದೀಪಾವಳಿಗೆ ನೀನು ಮಂಗಳೂರಿನಿಂದ ಬರೆದ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ "ನಾವೆಲ್ಲ ಕ್ಷೇಮ" ಎಂಬಲ್ಲಿಗೆ ಬಂದು ಪೆನ್ನು ಮುಚ್ಚಿಡುತ್ತಿದ್ದೆ. ಫೋನು ಮಾಡಬಹುದಿತ್ತು. ಆದರೆ ಕೆಲವು ಮಾತುಗಳನ್ನು ಫೋನಿನಲ್ಲಿ ಹೇಳಹೊರಟರೆ ನನಗೆ ಅಳು ಬರುತ್ತದೆ, ಇಲ್ಲವೇ ಸಿಟ್ಟು ಬರುತ್ತದೆ, ಹೇಳಬೇಕಾದದ್ದು ಮಾತ್ರ ಉಳಿದುಬಿಡುತ್ತದೆ.

ಮೊಮ್ಮಗಳ ನಾಮಕರಣದ ಸುದ್ದಿ ಓದಿ ಖುಷಿಯಾಯಿತು. ಮಗು ನಿನ್ನ ಹಾಗೇ ಹಟ ಮಾಡುತ್ತದೆಂದು ಬರೆದಿದ್ದೀಯಲ್ಲ, ನರ್ಸಿಂಗ್ ಹಾಸ್ಟೆಲಿನಲ್ಲಿ ನಿನ್ನ ಜೊತೆ ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ನನಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಇಲ್ಲಿ ಇವರ ಕಣ್ಣಿನ ಪೊರೆಯ ಆಪರೇಷನ್ ಚೆನ್ನಾಗಿ ಆಯಿತು. ಎದುರು ಬಿಲ್ಡಿಂಗಿನ ಬಾಲ್ಕನಿಯಲ್ಲಿ ಯಾವ ಬಣ್ಣದ ಸೀರೆ ಒಣಗುತ್ತಿದೆ ಎಂದೂ ಕಾಣುತ್ತದಂತೆ. ಆದರೆ ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಾರೆ. ಕಾರಣ ಬರೆಯಲೆಂದೇ ಇವತ್ತು ಗಟ್ಟಿ ಮನಸ್ಸು ಮಾಡಿ ಕೂತಿದ್ದೇನೆ.

ಸುದರ್ಶನ ನಿನಗೆ ಗೊತ್ತಲ್ಲ, ಇವರ ತಮ್ಮನ ಮಗ. ತಂದೆ ಹೋದ ಮೇಲೆ ನಮ್ಮ ಮನೆಯಲ್ಲೇ ಬೆಳೆದವನು. ಸ್ಟೇಷನ್ ಹತ್ತಿರ ಅವನ ಹೋಟೆಲು ಚೆನ್ನಾಗಿ ನಡೆಯುತ್ತದೆ. ಹೋದ ವರ್ಷ ಒಂದು ದಿನ ಬಂದು ನನ್ನ ಪಕ್ಕದಲ್ಲಿ ಕೂತ. "ದೊಡ್ಡಮ್ಮ, ರಿಟೈರ್ ಆಗಿ ಮನೆಯಲ್ಲಿ ಕೂತು ಎಂತ ಮಾಡ್ತೀರಿ? ವಾಶಿ, ನೆರೂಳ, ಬೇಲಾಪುರ ಎಲ್ಲ ಕಡೆ ವಯಸ್ಸಾದವರಿಗೆ ನರ್ಸಿಂಗ್ ಹೋಮ್ ಆಗ್ತಾ ಉಂಟು. ಮೊದಲಿನ ಹಾಗೆ ಮನೆಗೆಲಸದ ಯಾವುದೋ ಮಾವಶಿಯನ್ನು ತಂದು ನಿಲ್ಲಿಸಿದ್ರೆ ಈಗ ಮನೆಯವರು ಒಪ್ಪುದಿಲ್ಲ. ಟ್ರೇನಿಂಗ್ ಆಗಿದೆಯಾ, ಸರ್ಟಿಫಿಕೇಟ್ ಉಂಟಾ ಅಂತ ಕೇಳ್ತಾರೆ. ಹೋಟೆಲಿನ ಮೇಲಿನ ಹಾಲ್ ಖಾಲಿ ಉಂಟು. ನೀವು ಕಲಿಸಿ, ಉಳಿದದ್ದು ನಾನು ನೋಡ್ತೇನೆ" ಎಂದ.

ಇಷ್ಟು ವರ್ಷ ಆಸ್ಪತ್ರೆಯಲ್ಲಿ ನಾನು ಕಂಡದ್ದು ಅದನ್ನೇ. ನರ್ಸ್ ಬಂದು ಇಂಜೆಕ್ಷನ್ ಕೊಟ್ಟು ಹೋಗುತ್ತಾಳೆ. ಹಗಲಿಡೀ ರೋಗಿಯ ಮೈ ಮುಟ್ಟುವವಳು ಆಯಾ. ಮಗ್ಗುಲು ಬದಲಿಸುವವಳು, ಬಾಯಿಗೆ ಗಂಜಿ ಇಡುವವಳು ಅವಳೇ. ಅವಳಿಗೆ ಮಾತ್ರ ಯಾರೂ ಏನೂ ಕಲಿಸುವುದಿಲ್ಲ. ಸುದರ್ಶನನ ಮಾತು ನನಗೆ ಹಿಡಿಸಿತು. ಒಂದೇ ಒಂದು ಷರತ್ತು ಹಾಕಿದೆ. ಆರು ತಿಂಗಳು ಕಲಿತು, ನನ್ನ ಕಣ್ಣೆದುರು ಕೆಲಸ ಮಾಡಿ ತೋರಿಸದ ಯಾರ ಕೈಗೂ ಸರ್ಟಿಫಿಕೇಟ್ ಹೋಗಕೂಡದು. ಕೊನೆಯಲ್ಲಿ ಹೊರಗಿನವರೊಬ್ಬರು ಬಂದು ಪರೀಕ್ಷೆ ಮಾಡಬೇಕು. ಅವನು ನನ್ನ ಕಾಲು ಮುಟ್ಟಿ, "ನಿಮ್ಮ ಹೆಸರು, ನಿಮ್ಮ ರೂಲ್ಸ್" ಎಂದ.

ಎಂಥ ತರಗತಿ ಅದು ಗಂಗಾ! ಒಬ್ಬಳಿಗೆ ಮರಾಠಿ, ಒಬ್ಬಳಿಗೆ ತುಳು, ಒಬ್ಬಳಿಗೆ ಹಿಂದಿ ಬಿಟ್ಟು ಬೇರೇನೂ ಬಾರದು. ಕೆಳಗಿನಿಂದ ಸಾಂಬಾರಿನ ಒಗ್ಗರಣೆ ವಾಸನೆ ಬಂದರೆ ಎಲ್ಲರೂ ಒಟ್ಟಿಗೆ ಸೀನುತ್ತಿದ್ದರು. ಒಂದು ಹಳೇ ಮಂಚ ಹಾಕಿಸಿ, ಸರದಿಯಂತೆ ಪ್ರತಿಯೊಬ್ಬಳನ್ನೂ ರೋಗಿಯಾಗಿ ಮಲಗಿಸಿದೆ. ಅಂಗಾತ ಮಲಗಿಕೊಂಡು ಬೇರೆಯವರ ಕೈಯಿಂದ ನೀರು ಕುಡಿಯುವಾಗ ಹೇಗೆ ಭಯವಾಗುತ್ತದೆಂದು ಅವರಿಗೆ ತಿಳಿಯಲಿ ಎಂದು. ಮೊದಲ ಪಾಠವೇ ಅದು: ಬೆನ್ನಿಗೆ ದಿಂಬು ಕೊಟ್ಟು ಕೂರಿಸದೆ ಯಾರಿಗೂ ಉಣಿಸಬಾರದು, ಒಂದು ತುತ್ತು ನುಂಗಿದ್ದನ್ನು ನೋಡದೆ ಇನ್ನೊಂದು ಇಡಬಾರದು. ನೀನೂ ಪಾಠ ಹೇಳಿದವಳು, ನಿನಗೆ ನಾನು ವಿವರಿಸಬೇಕಾಗಿಲ್ಲ.

ಭೀಮಮ್ಮ ಅಂತ ಒಬ್ಬಳಿದ್ದಳು, ವಿಜಾಪುರದ ಕಡೆಯವಳು, ಕಲ್ಯಾಣದಲ್ಲಿ ವಾಸ. ಒಳ್ಳೆ ಮನಸ್ಸು, ಆದರೆ ಕೈ ಒರಟು. ಮಲಗಿದವರನ್ನು ತೋಳು ಹಿಡಿದು ಎಳೆದೇ ಎಬ್ಬಿಸುತ್ತಿದ್ದಳು. ಎಷ್ಟು ಹೇಳಿದರೂ ಬಿಡಲಿಲ್ಲ. ಅವಳನ್ನು ಪರೀಕ್ಷೆಗೆ ಕೂರಿಸದೆ ಇನ್ನೊಂದು ಬ್ಯಾಚಿಗೆ ನಿಲ್ಲಿಸಿದೆ. ಅತ್ತಳು, ಬೈದಳು, ಮತ್ತೆ ಬಂದು ಕಲಿತಳು. ಅವಳಿಗೆ ಬೇಲಾಪುರದ ಒಂದು ಹೋಮಿನಲ್ಲಿ ಕೆಲಸ ಸಿಕ್ಕ ದಿನ ನನಗೆ ಪೇಡೆ ತಂದುಕೊಟ್ಟಳು.

ಅದೇ ಹೋಮಿಗೆ ನಮ್ಮ ಯಜ್ಞೇಶ್ವರ ರಾಯರನ್ನು ಸೇರಿಸಿದ್ದು. ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯವರು, ಇವರ ಜೊತೆ ವರ್ಷಾನುಗಟ್ಟಲೆ ಒಂದೇ ಲೋಕಲ್‌ನಲ್ಲಿ ಆಫೀಸಿಗೆ ಹೋಗಿ ಬಂದವರು. ಪಾರ್ಶ್ವವಾಯುವಾಗಿ ಬಲಭಾಗ ಬಿದ್ದುಹೋಯಿತು, ನುಂಗುವುದೂ ಕಷ್ಟವಾಯಿತು. ಮಗಳು ಶ್ರೀಲಕ್ಷ್ಮಿ ಕೆಲಸಕ್ಕೆ ಹೋಗುವವಳು. "ಆಂಟಿ, ಎಲ್ಲಿ ಬಿಡಲಿ? ನನಗೆ ಯಾರ ಮೇಲೂ ನಂಬಿಕೆ ಬರುವುದಿಲ್ಲ" ಎಂದು ಅತ್ತಳು. "ಬೇಲಾಪುರದಲ್ಲಿ ಬಿಡು, ಅಲ್ಲಿ ನಮ್ಮ ಹುಡುಗಿಯರಿದ್ದಾರೆ" ಎಂದು ನಾನೇ ಹೇಳಿದೆ.

ಸೆಪ್ಟೆಂಬರಿನಲ್ಲಿ, ಗಣಪತಿ ಕಳೆದ ಮೇಲೆ, ಶ್ರೀಲಕ್ಷ್ಮಿಯ ಫೋನು ಬಂತು. ರಾಯರಿಗೆ ಊಟ ಮಾಡುವಾಗ ಉಸಿರು ಕಟ್ಟಿತಂತೆ, ಆಸ್ಪತ್ರೆಗೆ ಒಯ್ದಿದ್ದಾರೆ. ನಾನು ಹೋಗುವಷ್ಟರಲ್ಲಿ ಐಸಿಯುನಲ್ಲಿದ್ದರು. ಅನ್ನ ಶ್ವಾಸಕೋಶಕ್ಕೆ ಹೋಗಿತ್ತು. ಜ್ವರ ಏರಿತು, ಇಳಿಯಲಿಲ್ಲ. ಆ ವಾರವೇ ಹೋದರು.

ಶ್ರೀಲಕ್ಷ್ಮಿ ಕೂಗಾಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೆಲ್ಲಗೆ ಹೇಳಿದಳು: "ಆಂಟಿ, ಮಲಗಿದ್ದ ಹಾಗೇ ಉಣಿಸಿದ್ದಾಳೆ. ನಿಮ್ಮ ಹುಡುಗಿ ಅಂತ ನಾನು ಒಂದು ಮಾತೂ ಕೇಳಿರಲಿಲ್ಲ." ನನಗೆ ಭೀಮಮ್ಮನ ಒರಟು ಕೈ ನೆನಪಾಯಿತು. "ಯಾರು, ಭೀಮಮ್ಮನಾ?" ಎಂದೆ. "ಅಲ್ಲ, ಅಶ್ಮಿತಾ ಅಂತ." ಆ ಹೆಸರಿನವಳಿಗೆ ನಾನು ಕಲಿಸಿರಲೇ ಇಲ್ಲ.

ಮರುದಿನ ಭೀಮಮ್ಮನೇ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, "ಅಕ್ಕಾರ, ನನ್ನ ಒಂದ್ ಸಲ ನಿಲ್ಲಿಸಿ ಮತ್ತ ಕಲಿಸಿದ್ರಿ. ಆಕೀಗ್ ಒಂದಿನಾನೂ ಕಲಿಸ್ಲಾರ್ದ ಹೆಂಗ್ ಪಾಸ್ ಮಾಡಿದ್ರಿ? ಆಕಿ ಸರ್ಟಿಫಿಕೇಟಿನ್ಯಾಗ ನಿಮ್ಮ ಸಹಿ ಐತಿ" ಎಂದಳು.

ನೇರ ಹೋಟೆಲಿಗೆ ಹೋದೆ. ಮಧ್ಯಾಹ್ನದ ಊಟದ ಗಲಾಟೆ. ಸುದರ್ಶನ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ. ನನ್ನನ್ನು ನೋಡಿದ ಕೂಡಲೇ ಅವನಿಗೆ ತಿಳಿಯಿತು. ಮೇಲಿನ ಹಾಲಿಗೆ ಕರೆದುಕೊಂಡು ಹೋದ. ನಾನು ಕೇಳಿದ್ದಕ್ಕೆ ಇಲ್ಲ ಎನ್ನಲಿಲ್ಲ. "ದೊಡ್ಡಮ್ಮ, ದಿನಾ ಹೋಮುಗಳಿಂದ ಫೋನ್ ಬರ್ತದೆ, ಹುಡುಗಿಯರನ್ನು ಕಳಿಸಿ ಅಂತ. ಆರು ತಿಂಗಳು ಯಾರು ಕಾಯ್ತಾರೆ? ಎಲ್ಲ ಕಡೆ ಹೀಗೇ ನಡೀತದೆ. ಕೆಲಸ ಮಾಡ್ತಾ ಕಲೀತಾರೆ ಅಂದ್ಕೊಂಡೆ. ಆಕ್ಸಿಡೆಂಟ್ ಆಯ್ತು, ನಾನು ಎಂತ ಮಾಡ್ಲಿ?" ನನ್ನ ಸಹಿಯನ್ನು ಕಂಪ್ಯೂಟರಿನಲ್ಲಿ ಹಾಕಿಸಿದ್ದನಂತೆ. ಎಷ್ಟು ಹುಡುಗಿಯರಿಗೆ ಎಂದು ಕೇಳಿದೆ. "ಲೆಕ್ಕ ಇಟ್ಟಿಲ್ಲ ದೊಡ್ಡಮ್ಮ" ಎಂದ.

ಜ್ವರ ಬಂದಾಗ ನನ್ನ ಮಡಿಲಲ್ಲೇ ಮಲಗುತ್ತಿದ್ದ ಮಗು ಅದು. ಅವನ ಕೆನ್ನೆಗೆ ಹೊಡೆಯಲು ಕೈ ಎತ್ತಿದೆ, ಹೊಡೆಯಲಾಗಲಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ. "ರಾಯರು ಹೇಗೂ ಬಹಳ ದಿನ ಉಳಿಯುವವರಾಗಿರಲಿಲ್ಲ. ಹುಡುಗನ ಜೀವನ ಹಾಳು ಮಾಡ್ಬೇಡ" ಎಂದರು. ತಮ್ಮ ಇಡೀ ಜನ್ಮದ ಗೆಳೆಯನ ಬಗ್ಗೆ ಆಡಿದ ಮಾತು! ಆ ಸಂಜೆ ನಾನು ಒಲೆ ಹಚ್ಚಲಿಲ್ಲ.

ಆ ಹುಡುಗಿಯನ್ನು ನೋಡಬೇಕೆನಿಸಿತು. ಭೀಮಮ್ಮ ವಿಳಾಸ ಗೊತ್ತು ಮಾಡಿಕೊಂಡು ಶಹಾಡ್‌ಗೆ ಕರೆದುಕೊಂಡು ಹೋದಳು. ಸ್ಟೇಷನ್ನಿಂದ ಒಳಗೆ, ಫ್ಯಾಕ್ಟರಿ ಗೋಡೆಯ ಪಕ್ಕ ಒಂದೊಂದೇ ಕೋಣೆಯ ಮನೆಗಳ ಚಾಳು. ಬೈಯಲೆಂದೇ ಹೋಗಿದ್ದೆ. ಬಾಗಿಲು ತೆರೆದವಳು ಕಾಲೇಜು ಬಿಟ್ಟ ಪುಟ್ಟ ಹುಡುಗಿ, ಅತ್ತು ಅತ್ತು ಮುಖ ಊದಿತ್ತು. ಉಡುಪಿ ಕಡೆಯವರೇ, ತಾಯಿ ತುಳುವಿನಲ್ಲಿ ಮಾತಾಡಿದರು. ಹುಡುಗಿಗೆ ನನ್ನ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ನಾನು ಯಾರೆಂದು ಹೇಳಿದೆ. ಅವಳು ನನ್ನ ಕಾಲಿಗೆ ಬಿದ್ದು ಕೇಳಿದ್ದು ಒಂದೇ: "ಮ್ಯಾಡಮ್, ಲೇಟೇ ಲೇಟೇ ಖಿಲಾನೇ ಸೇ ಆದ್ಮೀ ಮರ್ ಜಾತಾ ಹೈ ಕ್ಯಾ? ಮುಝೇ ಕಿಸೀನೇ ಬತಾಯಾ ನಹೀ."

ಮಲಗಿಸಿ ಉಣಿಸಿದರೆ ಮನುಷ್ಯ ಸಾಯುತ್ತಾನಾ, ನನಗೆ ಯಾರೂ ಹೇಳಲೇ ಇಲ್ಲ ಎನ್ನುತ್ತಾಳೆ, ಗಂಗಾ, ಎಲ್ಲ ಮುಗಿದ ಮೇಲೆ! ಅವಳಿಗೆ ಏನು ಹೇಳಲಿ? "ಹೌದು" ಎಂದೆ. ಸುಳ್ಳು ಹೇಳಿದ್ದರೆ ಅವಳು ಇನ್ನೊಬ್ಬರಿಗೂ ಹಾಗೇ ಉಣಿಸುತ್ತಿದ್ದಳು.

ಮರುದಿನ ಶ್ರೀಲಕ್ಷ್ಮಿಯನ್ನು ಕರೆದುಕೊಂಡು ಪೊಲೀಸ್ ಸ್ಟೇಷನ್‌ಗೆ ಹೋದೆ. ಆ ಸಹಿ ನನ್ನದಲ್ಲ, ಆ ಹುಡುಗಿಗೆ ನಾನು ಕಲಿಸಿಲ್ಲ ಎಂದು ಬರೆದುಕೊಟ್ಟೆ. ಬೇಲಾಪುರದ ಹೋಮಿನವರಿಗೂ ಹೇಳಿದೆ. ಸುದರ್ಶನನನ್ನು ಕರೆಸಿ ವಿಚಾರಿಸಿದರು. ಈಗ ಜಾಮೀನಿನ ಮೇಲಿದ್ದಾನೆ. ಹಾಲಿಗೆ ಬೀಗ ಬಿದ್ದಿದೆ. ದೀಪಾವಳಿಗೆ ಇವರು ಸುದರ್ಶನನ ಮನೆಗೆ ಹೋದರು, ನನ್ನನ್ನು ಯಾರೂ ಕರೆಯಲಿಲ್ಲ.

ನಾನು ಎಣಿಸದೇ ಇದ್ದದ್ದು ಇನ್ನೊಂದಾಯಿತು. ಹೋಮುಗಳವರು ಸಾಚಾ ಯಾವುದು, ಖೋಟಾ ಯಾವುದು ಎಂದು ನೋಡಲು ಹೋಗಲಿಲ್ಲ. ನನ್ನ ಹೆಸರಿನ ಸರ್ಟಿಫಿಕೇಟ್ ಇದ್ದ ಎಲ್ಲರನ್ನೂ ತೆಗೆದುಬಿಟ್ಟರು. ಭೀಮಮ್ಮ ಮತ್ತೆ ಬಂದು ಕೂತಳು. ಈ ಸಲ ಸಿಟ್ಟಿರಲಿಲ್ಲ. "ಅಕ್ಕಾರ, ಹಂಗಾರ ನಾ ಕಲತದ್ದೂ ಸುಳ್ಳೇನ್ರಿ?"

ಆ ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ನಾನು ನಿಜವಾಗಿ ಕಲಿಸಿದವರನ್ನೆಲ್ಲ ಕರೆಸಿದೆ. ಒಬ್ಬೊಬ್ಬಳ ಜೊತೆ ನಾನೇ ಹೋಮುಗಳಿಗೆ ಹೋಗಿ, "ಸರ್ಟಿಫಿಕೇಟ್ ಬದಿಗಿಡಿ, ನಿಮ್ಮ ಡಾಕ್ಟರ ಎದುರಿಗೇ ಇವಳ ಕೆಲಸ ನೋಡಿ" ಎನ್ನುತ್ತಿದ್ದೇನೆ. ಕೆಲವರು ಗೇಟಿನಿಂದಲೇ ಕಳಿಸುತ್ತಾರೆ. ಭೀಮಮ್ಮನನ್ನು ಮಾತ್ರ ನೆರೂಳದ ಒಂದು ಕಡೆ ಇಟ್ಟುಕೊಂಡರು. ಅಶ್ಮಿತಾಳೂ ಹೋದ ವಾರ ಬಂದಿದ್ದಳು. ಕಲಿಸುತ್ತೀರಾ ಎಂದು ಕೇಳಿದಳು. ಕೇಸು ಮುಗಿಯಲಿ ಎಂದೆ. ಅವಳು ಹೋದ ಮೇಲೆ, ಹಾಗೆ ಹೇಳಬಾರದಿತ್ತೇನೋ ಎನಿಸಿತು.

ನಿನ್ನ ಮಂಡಿ ನೋವಿಗೆ ಬಿಸಿ ಉಪ್ಪಿನ ಗಂಟು ಬಿಡಬೇಡ. ಮಗ ಸೊಸೆಗೆ ನನ್ನ ಆಶೀರ್ವಾದ ಹೇಳು. ಪುಟ್ಟಿಯ ಹಣೆಗೆ ನನ್ನದೊಂದು ಮುತ್ತು ಕೊಡು; ದೇವರು ಅವಳನ್ನು ನೂರ್ಕಾಲ ಚೆನ್ನಾಗಿಟ್ಟಿರಲಿ.

ನಿನ್ನ
ರಮಾಮಣಿ

ಮರೆತದ್ದಲ್ಲ, ಬರೆಯಲು ಕೈ ಏಳದೆ ಕೊನೆಗೆ ಉಳಿಸಿದ್ದು: ಪರೀಕ್ಷೆಯೇ ಆಗಲಿಲ್ಲವಾ ಎಂದು ಅಶ್ಮಿತಾಳನ್ನು ಶಹಾಡ್‌ಗೆ ಹೋದ ದಿನವೇ ಕೇಳಿದ್ದೆ. ಆಯಿತು ಎಂದಳು. ಮಂಗಳೂರಿನಿಂದ ಒಬ್ಬರು ವಯಸ್ಸಾದ ಟೀಚರಮ್ಮ ಬಂದಿದ್ದರಂತೆ, ಎಡ ಮಣಿಕಟ್ಟಿನ ಮೇಲೆ ಸುಟ್ಟ ಕಲೆ. ಹುಡುಗಿಯರ ಹೆಸರು ಕೇಳಿ, ಸಹಿ ಹಾಕಿ, ಕೆಳಗೆ ಹೋಗಿ ಊಟ ಮಾಡಿದರಂತೆ. "ನಾನು ಬಂದದ್ದು ರಮಾಗೆ ಹೇಳ್ಬೇಡ, ಅವಳದ್ದು ಸ್ವಲ್ಪ ಜಾಸ್ತಿ" ಎಂದು ಸುದರ್ಶನನಿಗೆ ಹೇಳಿ ನಕ್ಕರಂತೆ. ಸ್ಟರಿಲೈಸರಿನಿಂದ ನಿನ್ನ ಕೈ ಸುಟ್ಟ ದಿನ ಮುಲಾಮು ಹಚ್ಚಿದವಳು ನಾನು ಗಂಗಾ. ನಿನ್ನ ಸಲಹೆ ಬೇಕೆಂದು ಸುದರ್ಶನ ಕೇಳಿದಾಗ ನಿನ್ನ ಫೋನ್ ನಂಬರು ಕೊಟ್ಟವಳೂ ನಾನೇ, ಎಷ್ಟು ಹೆಮ್ಮೆಯಿಂದ ಕೊಟ್ಟೆ! ಅವನನ್ನು ಸಾಕಿದ್ದು ನಾನು, ಅವನ ತಪ್ಪಿಗೆ ನನಗೆ ಅಳುವಾದರೂ ಬರುತ್ತದೆ. ನಿನ್ನದಕ್ಕೆ ಅದೂ ಬರುತ್ತಿಲ್ಲ. ಡೊಂಬಿವಲಿಯವರೆಗೆ ಬಂದು ನನ್ನ ಮನೆಗೆ ಬರದೆ ಹೇಗೆ ಹೋದೆ? ಪೊಲೀಸರು ಪರೀಕ್ಷೆ ಮಾಡಿದವರು ಯಾರೆಂದು ಕೇಳುತ್ತಿದ್ದಾರೆ. ಸುದರ್ಶನ ಬಾಯಿ ಬಿಟ್ಟಿಲ್ಲ. ನಾನು ಹೇಳುತ್ತೇನೆ. ಈ ಕಾಗದ ನಿನ್ನ ಕೈ ಸೇರುವಷ್ಟು ದಿನ ಬಿಟ್ಟು ಸ್ಟೇಷನ್‌ಗೆ ಹೋಗಿ ನಿನ್ನ ಹೆಸರು ಹೇಳುತ್ತೇನೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ ಎಂದು ಮೊದಲು ಬರೆದೆ.