ನಿಮ್ಮ ಕಡತದಲ್ಲಿರುವುದು ನಮ್ಮ ಬೀರುವಿನ ಕೀಲಿ

ಮಕ್ಕಳ ಪಾಲನಾ ಇಲಾಖೆಯ ಮಾನ್ಯ ನಿರ್ದೇಶಕರೇ,

ನಾನೊಬ್ಬ ಅಪರಾಧಿ. ಸರ್ಕಾರಕ್ಕೆ ಸುಳ್ಳು ಹೇಳಿ, ಅದರ ಕೆಳಗೆ ದಿನಾಂಕಸಹಿತ ರುಜು ಹಾಕಿದ್ದೇನೆ. "ಮನೆಯ ಕೀಲಿಯನ್ನು ಹಿಂಪಡೆಯಲಾಗಿದೆ" ಎಂದು ಶರಾ ಬರೆದು ನೀವು ಲಕೋಟೆಯಲ್ಲಿ ಭದ್ರವಾಗಿಟ್ಟಿರುವ ಕೀಲಿ ನಮ್ಮ ಬಾಗಿಲಿನದಲ್ಲ. ಬಾಗಿಲೇ ಕಳಚಿಬಿದ್ದ ಹಳೆಯ ಬೀರುವಿನದು. ನಿಮ್ಮ ಇಲಾಖೆ ತೆರೆಯಬಲ್ಲದ್ದು ಅಷ್ಟೇ ಎಂದು ನನಗೆ ತೋರಿತು.

"ಮಾಜಿ ಫಲಾನುಭವಿಯು ನಿಮ್ಮ ಮನೆಯೊಳಗೆ ಹೇಗೆ ಬಂದಳು?" ಎಂದು ಏಳು ದಿನಗಳಲ್ಲಿ ವಿವರಣೆ ಕೇಳಿದ್ದೀರಿ. ಬಾಗಿಲಿನಿಂದ ಬಂದಳು ಸ್ವಾಮೀ. ಜ್ವರ ಬಂದಿತ್ತು.

ಈ ಫಲಾನುಭವಿಯನ್ನು ನಾವು ಬಡಬಡಿ ಎನ್ನುತ್ತೇವೆ. ಹನ್ನೊಂದನೆಯ ವಯಸ್ಸಿನಲ್ಲಿ ನೀವೇ ತಂದು ನಮ್ಮಲ್ಲಿ ಬಿಟ್ಟ ಸಾಕುಮಗಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಕಲಿಯುತ್ತಿದ್ದಾಳೆ. ಇನ್ನೂ ಎರಡು ವರ್ಷದ ಕಲಿಕೆ ಬಾಕಿ. ಆದರೇನು, ಹದಿನೆಂಟು ತುಂಬಿದ ಬುಧವಾರ ಬೆಳಿಗ್ಗೆಯೇ ನಿಮ್ಮ ಪರಿವೀಕ್ಷಕರು ಪಟ್ಟಿ ಹಿಡಿದು ನಮ್ಮ ಅಡುಗೆಮನೆಗೆ ಬಂದರು. ನಿಮ್ಮ ನಿಘಂಟಿನಲ್ಲಿ ಸಾಕುವುದೆಂದರೆ 'ಇಷ್ಟು ಸಾಕು', ಪಾಲನೆಯೆಂದರೆ ಆದೇಶಪಾಲನೆ.

"ಮೊಟ್ಟೆ ಬೇಯಿಸೋಕೆ ಬರುತ್ತೇನಮ್ಮಾ?"

"ಬರುತ್ತೆ ಸಾರ್."

"ಜ್ವರ ಬಂದ್ರೆ ಏನ್ ಮಾಡ್ತೀಯ?"

"ಅತ್ತೆಗೆ ಹೇಳ್ತೀನಿ." ಅತ್ತೆ ಎಂದರೆ ನನ್ನ ಹೆಂಡತಿ.

ಪೆನ್ನು ನಿಂತಿತು. "ಹಾಗೆ ಬರೆಯೋಕಾಗಲ್ಲ. ಇವತ್ತಿಂದ ಅವರು ನಿನಗೆ ಏನೂ ಆಗಬೇಕಿಲ್ಲ. ಆಸ್ಪತ್ರೆಗೆ ಹೋಗ್ತೀನಿ ಅಂತ ಹಾಕ್ಕೊಳ್ಳಲಾ?"

"ಹಾಕ್ಕೊಳಿ ಸಾರ್. ಜ್ವರ ನನಗೆ ಬರೋದು, ಉತ್ತರನಾದ್ರೂ ನಿಮಗೆ ಬರಲಿ."

ಸ್ವಾವಲಂಬನೆಯಲ್ಲಿ ಆಕೆ ಪಾಸು. ಬಹುಮಾನವಾಗಿ ಹಾಸ್ಟೆಲಿನಲ್ಲಿ ಏಳು ಅಪರಿಚಿತರ ಜೊತೆಗೆ ಒಂದು ಮಂಚ. ಪಟ್ಟಿಯ ಕೊನೆಯ ಅಂಕಣ ಕೀಲಿಯದು. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಏಳು ವರ್ಷದಲ್ಲಿ ಮೊದಲ ಸಲ ಬಡಬಡಿಯ ಬಾಯಿಗೆ ಬೀಗ ಬಿದ್ದಿತ್ತು. "ಲಕೋಟೆ ತರ್ತೀನಿ" ಎಂದು ಕೀಲಿ ಎತ್ತಿಕೊಂಡು ಒಳಗೆ ಹೋದೆ. ಮುಂದಿನದನ್ನು ಮೊದಲೇ ಒಪ್ಪಿಕೊಂಡಿದ್ದೇನೆ.

ನಿಮ್ಮ ಸ್ವಂತ ಮಕ್ಕಳಿಗೆ ಹದಿನೆಂಟು ತುಂಬಿದಾಗಲೂ ಪರಿವೀಕ್ಷಕರನ್ನು ಕರೆಸಿದಿರಾ? ಕೇಕು ಕತ್ತರಿಸಿದ ಚಾಕುವಿನಿಂದಲೇ ಸಂಬಂಧವನ್ನೂ ಕತ್ತರಿಸಿದಿರಾ? "ವಯಸ್ಕರು ತಮ್ಮ ಕಾಲ ಮೇಲೆ ನಿಲ್ಲತಕ್ಕದ್ದು" ಎಂದು ನೋಟಿಸಿನಲ್ಲಿ ಉಪದೇಶಿಸಿದ್ದೀರಿ. ನಿಲ್ಲುವುದನ್ನು ನನಗೆ ಕಲಿಸಬೇಡಿ. ಹದಿನೆಂಟಕ್ಕೇ ಟ್ರಂಕು ಹೊತ್ತು ಮನೆ ಬಿಟ್ಟವನು ನಾನು. ಆಮೇಲೆ ಯಾರ ಹೊಸ್ತಿಲಲ್ಲೂ ಕೈಕಟ್ಟಿ ನಿಂತವನಲ್ಲ. ಕಾಲೇಜಿನಲ್ಲಿ ಪ್ರತಿ ವರ್ಷ ಹೊಸ ಹುಡುಗರಿಗೆ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇನೆ.

ಆದ್ದರಿಂದ, ಕಲಿಕೆ ಮುಗಿಯುವವರೆಗೆ ಆಕೆ ನಮ್ಮ ಮನೆಯಲ್ಲೇ ಇರಲು ಆದೇಶ ಹೊರಡಿಸಿ. ಕೀಲಿಯ ಅಂಕಣವನ್ನು ಪಟ್ಟಿಯಿಂದಲೇ ಹೊಡೆದುಹಾಕಿ. ಆಗದಿದ್ದರೆ, ಬೆದರಿಸಿದಂತೆ ಮಕ್ಕಳನ್ನು ಸಾಕುವ ನಮ್ಮ ಪರವಾನಗಿ ರದ್ದು ಮಾಡಿ. ಬಾಗಿಲಿನ ಬೀಗವಂತೂ ಬದಲಾಗದು.

ಇಷ್ಟನ್ನು ಬಡಬಡಿಗೆ ಓದಿ ಹೇಳಿದೆ. ಹೊದಿಕೆ ಸರಿಸಿ ಎದ್ದು ಕೂತು, "ಮಾವ, ಟ್ರಂಕಿನ ಕಥೆ ಪೂರ್ತಿ ಬರೀರಿ. ಅಜ್ಜಿ ನನಗೆ ಎಲ್ಲಾ ಹೇಳಿದ್ದಾರೆ" ಎಂದಳು.

ಬರೆಯುತ್ತೇನೆ. ಆ ಟ್ರಂಕು ಪ್ರತಿ ಶನಿವಾರ ಕೊಳೆಬಟ್ಟೆ ತುಂಬಿಕೊಂಡು ಅಮ್ಮನ ಮನೆಗೆ ಮರಳುತ್ತಿತ್ತು, ನನಗೆ ಮೂವತ್ತೊಂದು ತುಂಬುವವರೆಗೆ. ಹೊಸ್ತಿಲಲ್ಲಿ ನಿಂತವನಲ್ಲ ಎಂದದ್ದು ನಿಜವೇ. ಕೀಲಿ ಇತ್ತು, ನೇರ ಒಳಗೆ ಹೋಗುತ್ತಿದ್ದೆ. ಅದು ಈಗಲೂ ನನ್ನ ಜೇಬಿನಲ್ಲಿದೆ.

ಇಂತಿ,
ಐವತ್ತಮೂರು ತುಂಬಿದರೂ ನಿಮ್ಮ ಪಟ್ಟಿಯಲ್ಲಿ ನಪಾಸಾಗುವ
ಒಬ್ಬ ಮೇಷ್ಟ್ರು