ಧೂಳಾಸುರನ ಹಿಟ್ಟು

ಜುಲೈ 3
ಬೆಳಗ್ಗೆ ಎಂದಿನಂತೆ ಕಿಟಕಿಯ ಮೇಲಿನ ಬಿಳಿ ಪುಡಿ ಒರೆಸಿದೆ. ಆಷಾಢ ಇನ್ನೂ ಹುಟ್ಟಿಲ್ಲ, ಗಾಳಿಗೆ ಆಗಲೇ ಅವಸರ. ಚಿನ್ನದ ಗಣಿ ಬಿಟ್ಟುಹೋದ ಸೈನೈಡ್ ದಿಬ್ಬದ ಧೂಳು — ಕರೆಯದೆ ಬಂದು, ಹೊರಡು ಎಂದರೂ ಹೊರಡದ ನೆಂಟ.

ಹಾಸ್ಯ ಅಂಕಣ ಬರೆಯುವ ನನ್ನಂಥವಳಿಗೆ ಆರೋಗ್ಯ ಸಂಸ್ಥೆಯವರು ಬೀದಿ ನಾಟಕ ಬರೆಯಲು ಹೇಳಿದ್ದಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿ ಎದ್ದಾಗ ಮಕ್ಕಳನ್ನು ಒಳಗೆ ಕರೆಯಿರಿ, ದಿಬ್ಬದ ಮಣ್ಣು ಮನೆಗೆ ತರಬೇಡಿ. ಇಷ್ಟು ಹೇಳಲು ಒಬ್ಬ ಧೂಳಾಸುರ ಬೇಕು. ಸಿಕ್ಕಿದ. ಊರಿಗಾಂ ಲೈನಿನ ಸಾಲುಮನೆಯ ಚಿಕ್ಕವೆಂಕಟಪ್ಪ ತಾತ. ಗಣಿ ಮುಚ್ಚುವ ತನಕ ಪಾತಾಳದಲ್ಲೇ ಡ್ಯೂಟಿ. ಅಸುರನಿಗೆ ಬೇರೆ ಅರ್ಹತೆ ಬೇಕೆ?

ಧೂಳಿನ ಬದಲಿಗೆಂದು ಒಂದು ಚೀಲ ರಾಗಿ ಹಿಟ್ಟು ಕೊಟ್ಟೆ. ತಾತ ಚೀಲ ನೋಡಿದರು, ನನ್ನನ್ನು ನೋಡಿದರು.
"ಇದನ್ನ ತಲೆ ಮ್ಯಾಲೆ ಸುರ್ಕಂಡು ಕುಣೀಬೇಕಾ, ವಾಣಿ?"
"ಹೂಂ ತಾತ."
"ಆಯ್ತು ಬುಡು. ಧೂಳಿನ ಜವಾಬ್ದಾರಿ ನಂದು."

ಜುಲೈ 9
ಮೊದಲ ಪ್ರದರ್ಶನ. ಕ್ಯಾಸಂಬಳ್ಳಿ. ಗೋಣಿಚೀಲ ತೊಟ್ಟ ಅಸುರ ಬಂದವನೇ ಬೆರಳು ನೆಕ್ಕಿ ಮೇಲೆತ್ತಿ ಗಾಳಿ ನೋಡಿದ. "ಆ ಕಡೆ ಬ್ಯಾಡ್ರಲೇ, ಈ ಕಡೆ ಬಂದು ಕುಂತ್ಕಳ್ರಿ!" ಎಂದು ಮಕ್ಕಳನ್ನೆಲ್ಲ ಎಬ್ಬಿಸಿ ಜಾಗ ಬದಲಿಸಿದ. ಅರಮನೆ ಕಟ್ಟಿಸಿದವರೂ ಇಷ್ಟು ವಾಸ್ತು ನೋಡಿರಲಾರರು.

ಆಮೇಲೆ ಚೀಲ ತಲೆಗೆ ಸುರಿದುಕೊಂಡು ಕೆಮ್ಮಿದ. ಏನು ಕೆಮ್ಮು! ಜನ ಬಿದ್ದು ಬಿದ್ದು ನಕ್ಕರು. ಒನ್ಸ್ ಮೋರ್ ಅಂದರು. ಮತ್ತೆ ಕೆಮ್ಮಿದ.
ಬಿಸಿಲಿಗೆ ರಾಗಿ ಹಿಟ್ಟು ಇಷ್ಟು ಬೆಳ್ಳಗೆ ಕಾಣುತ್ತದೆಂದು ಗೊತ್ತಿರಲಿಲ್ಲ.

ಜುಲೈ 18
ಸ್ಕ್ರಿಪ್ಟಿನಲ್ಲಿರುವುದು ಒಂದು ಕೆಮ್ಮು. ತಾತ ಒಂದು ಅಂಕ ಪೂರ್ತಿ ಕೆಮ್ಮುತ್ತಾರೆ.
"ತಾತ, ಓವರ್ ಆಕ್ಟಿಂಗ್ ಆಯ್ತು."
"ನಿಲ್ಸಾಕೆ ಆಗ್ತಿಲ್ಲ ಕಣಮ್ಮ."
ಎಲ್ಲರೂ ನಕ್ಕೆವು. ನಾನೇ ಜೋರಾಗಿ.

ಅವರ ಮನೆ ಮುಂದೆ ಆದಿಲಕ್ಷ್ಮಮ್ಮಜ್ಜಿ ಅಸುರನ ಗೋಣಿ ಹಿಡಿದು ಪಟಪಟ ಕೊಡವುತ್ತಿದ್ದರು.
"ಅಜ್ಜೀ, ಗಂಡ ಊರೂರಿಗೆ ಹೇಳೋದೇನು? ಒದ್ದೆ ಮಾಡಿ!"
"ಒದ್ದೆ ಮಾಡಿದ್ರೆ ನಾಳೀಕೆ ಒಣಗ್ತದಾ? ನಿನ್ನ ಅಸುರ ಚಡ್ಡೀಲಿ ಕುಣೀಲಾ?"
ಜನಜಾಗೃತಿಗೆ ಸೋಲು. ಅಜ್ಜಿಗೆ ಜಯ.

ಆಗಸ್ಟ್ 2
ಆಸ್ಪತ್ರೆ. ತಾತನ ಮುಖಕ್ಕೆ ಆಕ್ಸಿಜನ್. ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಗಣಿಯ ಕಲ್ಲುಧೂಳಂತೆ. ಹಳೆಯದು. ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ.
"ಈಚೆಗೆ ಧೂಳಲ್ಲಿ ಕೆಲಸ ಏನಾದರೂ ಮಾಡಿದ್ರಾ?"
"ಇಲ್ಲ ಸಾರ್. ಬರೀ ನಾಟಕ," ಎಂದೆ.
ತಾತ ಕಣ್ಣು ಮುಚ್ಚಿಕೊಂಡರು. ನಿದ್ದೆ ಅಂದುಕೊಂಡೆ.

ಆಗಸ್ಟ್ 5
ಆಸ್ಪತ್ರೆಗೆ ತಾತನ ಬಟ್ಟೆ ಒಯ್ಯಲು ಊರಿಗಾಂಗೆ ಹೋದೆ. ಅಜ್ಜಿ ಬಿಡಲಿಲ್ಲ. ಮುದ್ದೆ ಇಟ್ಟರು.
"ಉಣ್ಣು. ನೀ ಕೊಟ್ಟ ಹಿಟ್ಟೇ."
"ಯಾವ ಹಿಟ್ಟಜ್ಜಿ?"
"ನಾಟಕದ್ದು. ಡಬ್ಬದಾಗೆ ಅಂಗೇ ಐತೆ."
"ಮತ್ತೆ ತಾತ ಸುರ್ಕೊಂಡಿದ್ದು?"
"ದಿಬ್ಬದ್ದು. ಉಣ್ಣೋ ರಾಗೀನ ಜನ ತುಳಿಯೋ ಕಡೆ ಚೆಲ್ಲಾಕಾಯ್ತದಾ ಅಂದ್ರು. ಮಕ್ಕಳ ಕಡೀಕೆ ಗಾಳಿ ಓಗ್ದಂಗೆ ನೋಡ್ಕಂತೀನಿ, ನಂಗಿನ್ನೇನು ಒಸದಾಗಿ ಆಗೋದೈತೆ ಅಂದ್ರು."

ಬೆರಳು ನೆಕ್ಕಿ ಗಾಳಿ ನೋಡಿದ್ದು. ನಾನು ವಾಸ್ತು ಎಂದು ಗೇಲಿ ಮಾಡಿದ್ದು...
ಉಣ್ಣಲಾಗಲಿಲ್ಲ. ಎಲೆಯಲ್ಲಿ ಬಿಡುವ ಧೈರ್ಯವೂ ಆಗಲಿಲ್ಲ. ತುತ್ತು ತುತ್ತಾಗಿ ಎಲ್ಲ ನುಂಗಿದೆ.

ಆಗಸ್ಟ್ 11
ತಾತ ಹೋದರು.
ನಾಟಕಕ್ಕೆ 'ಧೂಳಾಸುರ ವಧೆ' ಎಂದು ಹೆಸರಿಟ್ಟವಳು ನಾನೇ. ಅಂಕಣಕ್ಕೆ ಈ ವಾರ ಏನೂ ಕೊಡಲಿಲ್ಲ.

ಸೆಪ್ಟೆಂಬರ್ 14
ನಾಟಕ ನಿಲ್ಲಿಸಬಾರದು ಎಂದರು ಸಂಸ್ಥೆಯವರು. ದಿಬ್ಬದ ಧೂಳೂ ನಿಂತಿಲ್ಲ, ನಿಜ. ಊರಿಗಾಂ ಲೈನಿನಲ್ಲೇ ಇಟ್ಟುಕೊಂಡೆವು. ಅಸುರ ನಾನು.

ಗೋಣಿಯನ್ನು ಅಜ್ಜಿಯೇ ತಂದುಕೊಟ್ಟರು. ಒಗೆದು ತಂದಿದ್ದರು. ಇನ್ನೂ ಹಸಿ. "ನೀ ಏಳಿದಂಗೇ ಮಾಡಿವ್ನಿ," ಎಂದು ಹೋಗಿ ಜನರ ನಡುವೆ ಕುಳಿತರು.

ಬೆರಳು ನೆಕ್ಕಿ ಗಾಳಿ ನೋಡಿದೆ. ಮಕ್ಕಳನ್ನು ಈ ಕಡೆ ಕರೆದೆ. ಚೀಲ ತಲೆಗೆ ಸುರಿದುಕೊಂಡೆ. ಖಾಲಿ ಚೀಲ. ಏನೂ ಬೀಳಲಿಲ್ಲ. ಇನ್ನು ಕೆಮ್ಮಬೇಕು. ಮಕ್ಕಳು ಕಾಯುತ್ತಿದ್ದರು. ಬಾಯಿ ತೆರೆದೆ. ಬರಲಿಲ್ಲ.

ಅಷ್ಟರಲ್ಲಿ ಕೆಮ್ಮು ಬಂತು. ಜನರ ನಡುವಿನಿಂದ. ಅದೇ ಕೆಮ್ಮು, ತಾತನದೇ. ಜನ ಹೋ ಎಂದು ನಕ್ಕರು. ಒನ್ಸ್ ಮೋರ್ ಅಂದರು. ಮತ್ತೆ ಬಂತು. ನೋಡಿದರೆ ಆದಿಲಕ್ಷ್ಮಮ್ಮಜ್ಜಿ. ಬಾಯಿಗೆ ಸೆರಗು, ಒಂದು ಕೈಯಲ್ಲಿ ನನಗೆ ಸನ್ನೆ — ನೀನು ಮುಂದುವರಿಸು, ಮುಂದುವರಿಸು.

ನನಗೆ ಆಸರೆಯಾಗಲೆಂದು ಕೆಮ್ಮಿದರೋ, ಇಲ್ಲಾ ದಿನಾ ಆ ಗೋಣಿ ಕೊಡವಿ ಕೊಡವಿ...