ಹಳದಿ ವೈರು, ಕೆಂಪು ವೈರು

ಜುಲೈ 7, ರವಿವಾರ. ಮಧ್ಯಾಹ್ನ 3

ರೊಟ್ಟಿ ಮುಗಿಸಿ ಈಗ ಕುಳಿತೆ. ಇಪ್ಪತ್ತೆರಡು. ನನ್ನ ನೆಗೆಣ್ಣಿ ರೋಹಿಣಿ ಒಂದೂ ಬಡಿಯಲಿಲ್ಲ — ಓದುತ್ತಿದ್ದಾಳೆ. ಮುಂದಿನ ರವಿವಾರ ಧಾರವಾಡದಲ್ಲಿ ಸರಕಾರಿ ನೌಕರಿಯ ಪರೀಕ್ಷೆ. ವಯಸ್ಸಿನ ಮಿತಿ ಮುಗಿಯುತ್ತದೆ, ಇದೇ ಕೊನೆಯ ಸಲವಂತೆ. ಅತ್ತೆ ಅವಳ ಕೋಣೆಯ ಬಾಗಿಲು ಮುಚ್ಚಿ, ಹೊರಗೆ ಅಕ್ಕಿ ಆರಿಸುತ್ತ ಕಾವಲು ಕುಳಿತಿದ್ದಾರೆ. ಕುಕ್ಕರ್ ಸೀಟಿ ಹೊಡೆದರೂ ಬೈಗುಳ ನನಗೆ.

ಅಂಗಳದಲ್ಲಿ ಅವಳ ಗಂಡ, ನನ್ನ ಮೈದುನ ಸುಭಾಸ. ಹೋದ ತಿಂಗಳು ತಂದ ಹಳೇ ಕಾರಿನೊಳಗೆ ತಲೆ ತುರುಕಿದ್ದಾನೆ. ಆನ್‌ಲೈನ್‌ನಲ್ಲಿ ಸ್ಟೀರಿಯೋ ತರಿಸಿದ್ದಾನೆ. ಮೊಬೈಲಿನಲ್ಲಿ ವಿಡಿಯೋ ನೋಡಿ ತಾನೇ ಕೂಡಿಸುತ್ತಾನಂತೆ. ವೈರನ್ನು ಹಲ್ಲಿನಿಂದ ಸುಲಿಯುತ್ತಾನೆ! ಟೇಪು ಸುತ್ತಿದ್ದು ಹೆಬ್ಬೆರಳಿನ ಗಾಯಕ್ಕೆ ಬಟ್ಟೆ ಕಟ್ಟಿದ ಹಾಗಿದೆ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಮದುವೆಗೆ ಮುಂಚೆ ನಾಲ್ಕು ವರ್ಷ ಧಾರವಾಡದ ಕಂಪನಿಯಲ್ಲಿ ಗಾಡಿಗಳ ವೈರಿಂಗ್ ಮಾಡಿದ್ದೇನೆ. ಸೂಪರ್‌ವೈಜರ್ ಹೊಸ ಹುಡುಗಿಯರನ್ನು ಕಲಿಯಲು ನನ್ನ ಬಾಜುವೇ ಕೂರಿಸುತ್ತಿದ್ದರು. ಮದುವೆಯಾದ ಮೇಲೆ ಬಿಡಿಸಿದರು. "ಮೊರಬದಿಂದ ದಿನಾ ಬಸ್ ಹತ್ತಿ ಹೋಗೂ ಸೊಸಿ ನಮಗ ಬ್ಯಾಡ" — ಅತ್ತೆಯ ಮಾತು. ನನ್ನ ಗಂಡ, ಇವರು, ನೆಲ ನೋಡುತ್ತ ನಿಂತಿದ್ದರು. ಒಂಬತ್ತು ವರ್ಷವಾಯಿತು.

ಸಂಜೆ 6

ಸುಭಾಸನಿಗೆ ಚಹಾ ಒಯ್ದೆ. ಕೊಟ್ಟು ಅಲ್ಲೇ ನಿಂತೆ. ಕಾರಿನ ಹಳದಿ ವೈರಿಗೆ ಬ್ಯಾಟರಿಯಿಂದ ನೇರ ಕರೆಂಟು, ಯಾವಾಗಲೂ ಇರುತ್ತದೆ. ಕೆಂಪಿಗೆ ಚಾವಿ ತಿರುವಿದಾಗ ಮಾತ್ರ. ಹಳದಿ ಹಳದಿಗೆ, ಕೆಂಪು ಕೆಂಪಿಗೆ ಹಚ್ಚಬೇಕು, ಅಷ್ಟೇ. ಇವನು ಸ್ಟೀರಿಯೋದ ಎರಡನ್ನೂ ಕೂಡಿಸಿ ಹೊಸೆದು ಕಾರಿನ ಹಳದಿಗೇ ಹಚ್ಚಿದ. ಹಾಡು ಬಂತು.

"ನೋಡ್ರಿ ವೈನಿ, ಚಾವಿ ಇಲ್ದನ ಹಾಡ್ತೈತಿ!"

ಹೀಗೆ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ ಎನ್ನಬೇಕಿತ್ತು. ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ —

"ಅಕಿಗೇನ್ ತಿಳೀತೈತೋ ಅದು. ಅಮೃತಾ, ಕಪ್ಪ ತೊಗೊಂಡ ಹೋಗು. ರೋಹಿಣೀ, ಬಾ ಬೇ, ನಿನ್ನ ಗಂಡ ಎಷ್ಟ ಶಾಣ್ಯಾ ಅದಾನ ನೋಡು ಬಾ!"

ಈಗ ಓದು ಕೆಡುವುದಿಲ್ಲವೇ? ಕಪ್ಪು ತೆಗೆದುಕೊಂಡು ಒಳಗೆ ಬಂದೆ. ಹೇಳಲಿಲ್ಲ. ಇಳಿದರೆ ಇಳಿಯಲಿ.

ಜುಲೈ 11, ಗುರುವಾರ

ನಳದ ಪೈಪಿಗೆಂದು ಓಣಿ ಅಗೆದಿದ್ದಾರೆ. ಕಾರು ಹೊರಬೀಳುವಂತಿಲ್ಲ. ಸುಭಾಸ ನವಲಗುಂದದ ಗೊಬ್ಬರದಂಗಡಿಗೆ ಬೈಕಿನ ಮೇಲೆ ಹೋಗುತ್ತಿದ್ದಾನೆ. ಕಾರಿನಲ್ಲಿ ಈಗ ಅತ್ತೆಯ ದರ್ಬಾರು. ನಿನ್ನೆಯಿಂದ ಸಂಜೆ ಅದರಲ್ಲೇ ಕುಳಿತು ಭಜನೆ ಪದ ಕೇಳುತ್ತಾರೆ. ಆಜೂಬಾಜಿನ ಹೆಂಗಸರೂ ಬರುತ್ತಾರೆ. ಎಲೆ ಅಡಿಕೆ ಅಲ್ಲೇ. ಮುಗಿದ ಮೇಲೆ ಆವಾಜು ಪೂರಾ ಸಣ್ಣ ಮಾಡಿ, ಸ್ಟೀರಿಯೋಕ್ಕೆ ಕೈ ಮುಗಿದು ಇಳಿಯುತ್ತಾರೆ. ಆವಾಜು ಸಣ್ಣ ಆದರೆ ಬಂದ್ ಆಯಿತೆಂದು ತಿಳಿದಿದ್ದಾರೆ ಪಾಪ.

ಇಂದು ಎಲ್ಲರ ಎದುರು ಹೇಳಿದರು — "ನಮ್ಮ ರೋಹಿಣಿ ಸಾಹೇಬ್ತಿ ಆದ್ರ ಇದೇ ಕಾರಿನಾಗ ಆಫೀಸಿಗೆ ಹೋಗ್ತಾಳ ನೋಡ್ರಿ." ಅದೇ ಬಾಯಿ! ಒಲೆ ಮುಂದೆ ಕುಳಿತು ಕೇಳಿದೆ. ಎಣ್ಣೆ ಸಿಡಿದು ಕೈ ಸುಟ್ಟಿತು. ಅವಳ ಮೇಲೆ ಸಿಟ್ಟೇಕೆ ಬರುತ್ತದೆ ನನಗೆ? ಅವಳು ಮಾಡಿದ್ದೇನು? ಏನೂ ಇಲ್ಲ. ಬರುತ್ತದೆ ಆದರೂ.

ಜುಲೈ 13, ಶನಿವಾರ. ಸಂಜೆ 5

ನಿನ್ನೆಯಿಂದ ಮಳೆ. ಅತ್ತೆ ಕಾರಿನ ಕಡೆ ಹೋಗಿಲ್ಲ. ಕಟ್ಟಿಗೆ ತರಲು ಹೋದಾಗ ಗಾಜಿನೊಳಗೆ ಕಂಡಿತು — ಸ್ಟೀರಿಯೋದ ನೀಲಿ ದೀಪ ಉರಿಯುತ್ತಲೇ ಇದೆ. ಮಂಕಾಗಿದೆ.

ಓಣಿಯ ತಗ್ಗು ಮುಚ್ಚಿದರು. ನಾಳೆ ಏಳೂವರೆಗೆ ಕಾರು ಹೊರಡುತ್ತದೆ. ಒಂಬತ್ತೂವರೆಗೆ ಪರೀಕ್ಷೆಯ ಗೇಟು ಬಂದ್. ದಾರಿಗೆಂದು ನಿಪ್ಪಟ್ಟು ಕರಿಯಲು ನನಗೆ ಅಪ್ಪಣೆಯಾಗಿದೆ.

ಫ್ಯೂಜು ಕಿತ್ತರೆ ಮುಗಿಯಿತು. ಅರ್ಧ ನಿಮಿಷದ ಕೆಲಸ. ಕಾರಿನ ಬಾಗಿಲಿಗೆ ಕೈ ಹಚ್ಚಿದ್ದೆ ಕೂಡ. ಕಟ್ಟಿಗೆ ತೆಗೆದುಕೊಂಡು ಬಂದೆ. ನಾಳೆಯ ಮಟ್ಟಿಗೆ ಹೇಗೋ ಚಾಲೂ ಆಗುತ್ತದೆ ಎಂದುಕೊಂಡೆ... ಸುಳ್ಳು. ಆಗುವುದಿಲ್ಲವೆಂದು ನನಗೆ ಗೊತ್ತು. ಹೊಟ್ಟೆಕಿಚ್ಚು ಇದು, ಬೇರೇನಲ್ಲ.

ಜುಲೈ 14, ರವಿವಾರ. ಬೆಳಿಗ್ಗೆ 10

ಬೆಳಿಗ್ಗೆ ರೋಹಿಣಿ ಎಲ್ಲರ ಕಾಲು ಮುಟ್ಟಿದಳು. ನನ್ನದೂ. "ಅಕ್ಕಾರ, ಆಶೀರ್ವಾದ ಮಾಡ್ರಿ." ಮಾಡಿದೆ.

ಸುಭಾಸ ಚಾವಿ ತಿರುವಿದ. ಟಿಕ್. ಮತ್ತೆ ಟಿಕ್. ಅಷ್ಟೇ.

"ಚಾಲೂ ಆಗವಲ್ದು!"

ಅವನ ಬೈಕು ಪಂಚರ್ ಆಗಿ ನಿನ್ನೆ ನವಲಗುಂದದಲ್ಲೇ ಉಳಿದಿತ್ತು. ಏಳರ ಬಸ್ಸು ಹೋಗಿತ್ತು. ಇವರು ಗಾಡಿ ಕೇಳಲು ನಾಲ್ಕು ಮನೆ ಸುತ್ತಿ ಬರಿಗೈಲಿ ಬಂದರು. ಎಲ್ಲ ಸೇರಿ ನೂಕಿದರು. ಅತ್ತೆಯೂ ಸೀರೆ ಎತ್ತಿ ಕಟ್ಟಿ ಕೈ ಹಚ್ಚಿದರು. ಹೊಸದಾಗಿ ಮುಚ್ಚಿದ ಓಣಿ, ಎರೆ ಮಣ್ಣು, ಗಾಲಿ ಹೂತು ಹೋಯಿತು. ನಾನು ನಿಪ್ಪಟ್ಟಿನ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಅರ್ಧ ತಾಸು ನಿಂತಿದ್ದೆ. ಇದನ್ನು ಬರೆಯಲೇಬೇಕು — ಅರ್ಧ ತಾಸು.

ರೋಹಿಣಿ ಅಳಲಿಲ್ಲ. ಹಾಲ್‌ಟಿಕೆಟ್ಟು ತೊಡೆಯ ಮೇಲಿಟ್ಟುಕೊಂಡು ಕಟ್ಟೆಗೆ ಕುಳಿತಳು. "ಹೋಗ್ಲಿ ಬಿಡ್ರಿ, ನನ್ನ ನಸೀಬ್ನಾಗ ಇಲ್ಲ" ಎಂದಳು ಗಂಡನಿಗೆ. ಆ ದನಿ ಕೇಳಿ ಡಬ್ಬಿ ಕೆಳಗಿಟ್ಟೆ.

"ಹೊಲದಾಗಿನ ಟ್ರ್ಯಾಕ್ಟರ್ ತೊಗೊಂಡ ಬರ್ರಿ," ಇವರಿಗೆ ಹೇಳಿದೆ.

"ಎಳದ್ರ ಬಂಪರ್ ಕಿತ್ತ ಬರತೈತಿ..."

"ಎಳ್ಯಾಕಲ್ರಿ. ತರ್ರಿ ಅಂದ್ರ ತರ್ರಿ!"

ಹೊಂಡದ ಮೋಟರಿನ ಕೇಬಲ್ ತುಂಡು ಹುಡುಕಿ ಎರಡು ಭಾಗ ಮಾಡಿದೆ. ಸುಲಿದು, ಒಂದೊಂದರ ಮೂರೂ ಎಳೆ ಸೇರಿಸಿ ಹೊಸೆದೆ. ಟ್ರ್ಯಾಕ್ಟರಿನ ಬ್ಯಾಟರಿಯ ಪ್ಲಸ್ಸು ಕಾರಿನ ಪ್ಲಸ್ಸಿಗೆ. ಮೈನಸ್ಸಿನದು ಕಾರಿನ ಎಂಜಿನ್ನಿನ ಕಬ್ಬಿಣಕ್ಕೆ. ಟ್ರ್ಯಾಕ್ಟರು ಓಡುತ್ತಿರಲಿ, ಹತ್ತು ನಿಮಿಷ ಕಾಯಿರಿ ಎಂದೆ. ಎಲ್ಲರೂ ನನ್ನ ಕೈ ನೋಡುತ್ತ ನಿಂತಿದ್ದರು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಆ ಗಳಿಗೆಯಲ್ಲೂ ಖುಷಿಯಾಯಿತು ನನಗೆ. ಅದೂ ನಿಜ.

ಚಾಲೂ ಆಯಿತು. ಎಲ್ಲ ಸೇರಿ ಇನ್ನೊಮ್ಮೆ ನೂಕಿದ್ದಕ್ಕೆ ಗಾಲಿ ಮೇಲೆದ್ದಿತು. ಗಂಡ ಹೆಂಡತಿ ಎಂಟೂ ಇಪ್ಪತ್ತೈದಕ್ಕೆ ಹೋದರು.

ಈಗ ಫೋನು ಬಂತು. ಇವರು ಎತ್ತಿದರು. ಗೇಟು ಮುಚ್ಚಿ ಏಳು ನಿಮಿಷವಾಗಿತ್ತಂತೆ.

ಜುಲೈ 15, ಸೋಮವಾರ

ಅತ್ತೆ ಓಣಿಗೆಲ್ಲ ಹೇಳಿ ಬಂದರು. "ನಮ್ಮ ಅಮೃತಾನ ಕೈಯಾಗ ಇಷ್ಟ ವಿದ್ಯಾ ಐತಿ ಅಂತ ನಮಗ ಗೊತ್ತ ಇರಲಿಲ್ಲ ನೋಡ್ರಿ." ಗೊತ್ತಿರಲಿಲ್ಲವಂತೆ! ಮಧ್ಯಾಹ್ನ ನನ್ನ ತಾಟಿಗೆ ತಾವೇ ತುಪ್ಪ ಬಡಿಸಿದರು.

ರೋಹಿಣಿ ಪುಸ್ತಕವನ್ನೆಲ್ಲ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ಚೀಲ ಮೇಲೆತ್ತಲು ನನ್ನನ್ನೇ ಕರೆದಳು.

ಜುಲೈ 18, ಗುರುವಾರ. ಸಂಜೆ 4

ಇಂದು ಸ್ಟೀರಿಯೋ ಬಿಚ್ಚಿದೆ. ಸುಭಾಸನೇ ಕೇಳಿಕೊಂಡ. ಅವನು ಅಂಗಡಿಗೆ ಹೋದ ಮೇಲೆ ರೋಹಿಣಿ ಬಂದು ಬಾಜು ಕುಳಿತಳು.

"ತಪ್ಪ ಎಲ್ಲಿತ್ರಿ ಅಕ್ಕಾರ?"

ತೋರಿಸಿದೆ. ಎರಡೂ ವೈರು ಒಂದೇ ಗಂಟಿನಲ್ಲಿ.

"ನೋಡಿದ ಕೂಡ್ಲೆ ತಿಳೀತೈತೇನ್ರಿ ನಿಮಗ?"

"ತಿಳೀದ ಏನು? ನಾಕ್ ವರ್ಷ ಇದನ್ನ ಮಾಡೇನಿ." ಜಂಬ. ನಾಲ್ಕು ದಿನದ ಹೊಗಳಿಕೆ ತಲೆಗೇರಿತ್ತು. ಬಾಯಿಂದ ಬಿದ್ದ ಮೇಲೆ ಎಚ್ಚರವಾಯಿತು.

ಅವಳು ಆ ಗಂಟನ್ನೇ ನೋಡುತ್ತ ಕುಳಿತಳು. ಆಮೇಲೆ ಮೆಲ್ಲಗೆ —

"ಇವರು ಹಚ್ಚೂ ಮುಂದ ನೀವು ಇಲ್ಲೇ ನಿಂತಿದ್ರಿ. ನಾ ಕಿಡಕ್ಯಾಗಿಂದ ನೋಡೇನಿ."

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

"ನಿಂತಿದ್ದೆ," ಎಂದೆ. "ಗೊತ್ತಿತ್ತು."

ಬೈಯಲಿಲ್ಲ. ಅತ್ತೆಯನ್ನು ಕೂಗಲಿಲ್ಲ. "ಯಾಕ್ರಿ ಅಕ್ಕಾರ?" ಎಂದಳು, ಅಷ್ಟೇ.

ಕೈ ತೊಳೆದು ಬರುತ್ತೇನೆಂದು ಒಳಗೆ ಬಂದೆ. ತೊಳೆದಿಲ್ಲ. ಅವಳು ಇನ್ನೂ ಕಾರಿನಲ್ಲೇ ಇದ್ದಾಳೆ, ಇಲ್ಲಿಂದ ಕಾಣುತ್ತಾಳೆ. ಹೋಗಿ ಹೇಳಬೇಕು. ಮೊದಲು ಬರೆದು ನೋಡುತ್ತೇನೆ, ಬಾಯಿಗೆ ಬರುತ್ತದೋ ಏನೋ.

ರೋಹಿಣಿ, ನಿನ್ನನ್ನು ಕಳಿಸಲು ಮನೆಮಂದಿಯೆಲ್ಲ ಕೆಸರಿಗಿಳಿದು ಕಾರು ನೂಕಿದರು. ನನ್ನ ಕೆಲಸ ಬಿಡಿಸಿದ ದಿನ ಒಬ್ಬರಾದರೂ ನನ್ನ ಪರ ಒಂದು ಮಾತು ಆಡಿದ್ದರೆ...